ಮಡಚುವ ಚಾಕು: ಯಾವ ಅಂಗ ಯಾರಿಂದ ಬಂತು, ಗುರುತಿಸುವುದು ಹೇಗೆ

ಮುಂಬೈನ ಚೋರ್ ಬಜಾರಿನಲ್ಲೋ ಪುಣೆಯ ಜೂನಾ ಬಜಾರಿನಲ್ಲೋ ಹಳೆಯ ಮಡಚುವ ಚಾಕು ಕೈಗೆತ್ತಿಕೊಂಡರೆ, 'ಅಂಗ್ರೇಜ್ ಜಮಾನೇ ಕಾ', ಅಂದರೆ ಬ್ರಿಟಿಷರ ಕಾಲದ್ದು, ಎಂಬ ಮಾತು ಕಿವಿಗೆ ಬೀಳುವುದು ಖಂಡಿತ. ಅಲಗಿನ ಮೇಲಿನ ಹೆಸರನ್ನು ಕೊನೆಗೆ ಓದಿ, ಅದನ್ನು ಯಾರು ಬೇಕಾದರೂ ಕೊರೆಸಬಹುದು. ಮೊದಲು ಅಲಗು ತೆರೆಯುವ ಬಗೆ, ತೆರೆದ ಮೇಲೆ ನಿಲ್ಲುವ ಬಗೆ, ಜೇಬಿನಲ್ಲಿ ಕೂರುವ ಬಗೆ ನೋಡಿ. ಒಂದೊಂದು ಉಪಾಯಕ್ಕೂ ಹುಟ್ಟಿದ ಕಾಲವಿದೆ. ಚಾಕು ಅದಕ್ಕಿಂತ ಹಳೆಯದಾಗಿರಲಾರದು.

ಅಲಗಿನ ಬೆನ್ನಿನ ಹತ್ತಿರ ದುಂಡು ತೂತು, ಹಿಡಿಗೆ ಜೇಬಿನ ಕ್ಲಿಪ್. ಈ ಜೋಡಿ ಬಂದದ್ದು 1981ರಲ್ಲಿ, ಅಮೆರಿಕದ ಸ್ಪೈಡರ್ಕೋದ 'ವರ್ಕರ್' ಚಾಕುವಿನೊಂದಿಗೆ. ಚಾಕು ಮಡಚಿ ಹೆಬ್ಬೆರಳನ್ನು ತೂತಿನ ಮೇಲಿಡಿ. ಅಂಚು ಬೆರಳಿಗೆ ಕಚ್ಚಿಕೊಂಡು ಅಲಗು ಮೇಲೆದ್ದರೆ, ಚಾಕು ನಕಲೇ ಆಗಿದ್ದರೂ ಮಾಡಿದವರಿಗೆ ಕೆಲಸ ಗೊತ್ತು. ಹಿಡಿ ತೂತನ್ನು ಅರ್ಧ ಮುಚ್ಚಿದ್ದರೆ ಅದು ಬರೀ ಅಲಂಕಾರ.

ಹೆಚ್ಚು ಜನ ಎಡವುವುದು ಲೈನರ್ ಲಾಕ್‌ನಲ್ಲಿ. ಹಿಡಿಯೊಳಗಿನ ತೆಳು ತಗಡು ಪಕ್ಕಕ್ಕೆ ಬಾಗಿ ಅಲಗಿನ ಬುಡಕ್ಕೆ ಆತು ನಿಲ್ಲುವ ಬೀಗ ಇದು. ಇದನ್ನು ಕಂಡೊಡನೆ ಹೊಸ ಚಾಕು ಎಂದು ತೀರ್ಮಾನಿಸಬೇಡಿ. ಇಂಥ ತಗಡಿಗೆ 1906ರಲ್ಲೇ ಪೇಟೆಂಟ್ ಸಿಕ್ಕಿತ್ತು. ಅಮೆರಿಕದ ಸೈನ್ಯದ ಟಿಎಲ್-29 ಎಲೆಕ್ಟ್ರಿಷಿಯನ್ ಚಾಕುವಿನಲ್ಲೂ ಅದಿದೆ. ವ್ಯತ್ಯಾಸ ಇರುವುದು ಹಿಡಿಯ ಬೆನ್ನಿನಲ್ಲಿ. ಹಳೆಯದರಲ್ಲಿ ಉದ್ದನೆಯ ಸ್ಪ್ರಿಂಗ್ ಪಟ್ಟಿ ಇರುತ್ತದೆ, ಅಲಗನ್ನು ಪೂರ್ತಿ ತೆರೆಯುತ್ತ ಬಂದರೆ ಕೊನೆಗೆ ಅದೇ ಟಪ್ಪೆಂದು ಎಳೆದು ಕೂರಿಸುತ್ತದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಚಾಕು ತಯಾರಕ ಮೈಕೆಲ್ ವಾಕರ್ ಆ ಸ್ಪ್ರಿಂಗ್ ತೆಗೆದು, ಅಲಗನ್ನು ತಡೆಯುವ ಪಿನ್ನನ್ನೂ ಮಡಚಿದಾಗ ಹಿಡಿದಿಡುವ ಪುಟ್ಟ ಗುಂಡನ್ನೂ ಸೇರಿಸಿದರು. ಗುಂಡು ಕಂಡರೆ ಬ್ರಿಟಿಷರ ಕಾಲದ ಮಾತು ಅಲ್ಲಿಗೇ ಮುಗಿಯಿತು.

ಈ ಬೀಗದ ಸ್ಥಿತಿ ನೋಡಲು ಅಲಗು ತೆರೆದು ಹಿಡಿಯ ಸಂದಿಯಲ್ಲಿ ಕಣ್ಣು ಹಾಯಿಸಿ. ತಗಡಿನ ತುದಿ ಅಲಗಿನ ಬುಡದ ಅಗಲದಲ್ಲಿ ಸುಮಾರು ಕಾಲು ಭಾಗದಿಂದ ಅರ್ಧ ಭಾಗದವರೆಗೆ ಒಳಬಂದಿರಬೇಕು. ಎದುರಿನ ಗೋಡೆಗೇ ತಾಗಿದ್ದರೆ ಸವೆದಿದೆ. ಅಂಚಿಗಷ್ಟೇ ಆತಿದ್ದರೆ ಜಾರಿ ಬೆರಳು ಕತ್ತರಿಸೀತು. ಅಲಗಿಗೆ ದಪ್ಪ ಬಟ್ಟೆ ಸುತ್ತಿ ಅಲ್ಲಾಡಿಸಿ: ಪಕ್ಕಕ್ಕೆ ಆಡಿದರೆ ಪಿವಟ್ (ಅಲಗು ತಿರುಗುವ ಕೀಲು) ಸಡಿಲ, ಬಿಗಿಸಬಹುದು, ಮೇಲೆ ಕೆಳಗೆ ಆಡಿದರೆ ಬೀಗದ್ದೇ ದೋಷ, ಬಿಟ್ಟುಬಿಡಿ.

ತಗಡಿನ ಬದಲು ಹಿಡಿಯ ಒಂದು ಬದಿಯೇ ಬಾಗಿ ಬೀಗವಾದರೆ ಅದು ಚಾಕು ತಯಾರಕ ಕ್ರಿಸ್ ರೀವ್ ಅವರ ಸೆಬೆಂಜಾ ಚಾಕುವಿನಿಂದ ಬಂದ ಫ್ರೇಮ್ ಲಾಕ್. ಹಿಡಿಯನ್ನು ಅಡ್ಡ ಹಾಯ್ದ ಸರಳಿನ ಎರಡೂ ತುದಿ ಹೊರಗೆ ಕಂಡು, ಹಿಂದಕ್ಕೆಳೆದರೆ ಅಲಗು ಬಿಡುಗಡೆಯಾದರೆ ಅದು ಅಮೆರಿಕದ ಬೆಂಚ್‌ಮೇಡ್ ಕಂಪನಿ 1998ರಲ್ಲಿ ತಂದ ಆಕ್ಸಿಸ್ ಲಾಕ್. ಇದರ ಪೇಟೆಂಟ್ ಅವಧಿ ಮುಗಿದಿದೆ, ಹಾಗಾಗಿ ಬೇರೆಯವರು ಈ ಬೀಗ ಬಳಸುವುದು ಕಳ್ಳತನವಲ್ಲ. ತಪ್ಪಾಗುವುದು ಬೆಂಚ್‌ಮೇಡ್‌ನ ಚಿಟ್ಟೆ ಗುರುತನ್ನೂ ಒತ್ತಿದಾಗ. ಸರಳನ್ನು ಎಳೆದು ಬಿಡಿ: ಒಂದು ಬದಿ ನಿಧಾನವಾದರೆ ಒಳಗಿನ ಎರಡು ಸ್ಪ್ರಿಂಗ್‌ಗಳಲ್ಲಿ ಒಂದು ಮುರಿದಿರಬಹುದು.

ಮರದ ಹಿಡಿಯ ಕೊರಳಲ್ಲಿ ತಿರುಗುವ ಉಂಗುರ ಫ್ರಾನ್ಸಿನ ಒಪಿನೆಲ್‌ನದು, 1955ರಿಂದ. ಬೆನ್ನ ಮೇಲೆ ಜೇನುಹುಳದ ಆಕೃತಿಯಿದ್ದರೆ ಫ್ರಾನ್ಸಿನ ಲಾಯೋಲ್ ಊರಿನ ಹೆಸರಿನ ಶೈಲಿ. ಆ ಹುಳವನ್ನು ಎಷ್ಟೋ ದೇಶಗಳಲ್ಲಿ ಕೂರಿಸುತ್ತಾರೆ, ಊರಿಗೆ ಸಾಕ್ಷಿಯಲ್ಲ.

ಕೊನೆಗೆ ಸ್ಕ್ರೂ ನೋಡಿ. ಆರು ಮೂಲೆಯ ನಕ್ಷತ್ರದಂಥ ಟಾರ್ಕ್ಸ್ ತಲೆ 1967ರದು. ಆದರೆ ಹಳೆಯ ಚಾಕುವಿನ ರಿವೆಟ್ ಕಿತ್ತು ಸ್ಕ್ರೂ ಹಾಕಿರಲೂಬಹುದು. ತೂತಿನ ಸುತ್ತ ಹೊಸ ಗೀರು, ಅಗಲಿಸಿದ ಗುರುತು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.