ಮೈ ಸಾದಾ, ಅಂಚು ಚೆಂದ: ನನ್ನ ಮೊದಲ ಕ್ರೋಶಾ ಹೊದಿಕೆ

ತಂಗಿಗೆ ಮಗು ಬರುವುದಿದೆ ಎಂದು ಗೊತ್ತಾದ ದಿನವೇ ನಾನೊಂದು ಹೊದಿಕೆ ಹೆಣೆದು ಕೊಡಬೇಕು ಅಂದುಕೊಂಡೆ. ಆಗ ನನಗೆ ಕ್ರೋಶಾದಲ್ಲಿ, ಅಂದರೆ ತುದಿ ಕೊಕ್ಕೆಯಂತಿರುವ ಕಡ್ಡಿಯಿಂದ ದಾರ ಹೆಣೆಯುವುದರಲ್ಲಿ, ಬರುತ್ತಿದ್ದದ್ದು ಚೈನ್ (ಕುಣಿಕೆಗಳ ಸರಪಳಿ) ಒಂದೇ. ಕೈಯಲ್ಲಿ ಐದು ತಿಂಗಳಿತ್ತು. ಹೊದಿಕೆ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಸುಮಾರು ಒಂದು ತಿಂಗಳು ಹೆಣೆದದ್ದನ್ನು ಬಿಚ್ಚುವುದಕ್ಕೇ ಹೋಯಿತು. ಯಾಕೆ ಬಿಚ್ಚಬೇಕಾಯಿತು, ಹೇಗೆ ಸರಿ ಮಾಡಿಕೊಂಡೆ ಅನ್ನುವುದನ್ನೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಮೊದಲು ನಾನು ಆರಿಸಿಕೊಂಡದ್ದು ಪೂರ್ತಿ ಜಾಲರಿಯಂತಿದ್ದ ಒಂದು ಡಿಸೈನ್. ಫೋಟೋದಲ್ಲಿ ಅಷ್ಟು ಚೆಂದ ಕಾಣುತ್ತಿತ್ತು. ಮೂರು ಸಲ ಶುರು ಮಾಡಿದೆ. ಮೂರು ಸಲವೂ ಆರನೇ ಸಾಲಿನ ಹೊತ್ತಿಗೆ ಎಲ್ಲಿದ್ದೇನೆ ಅಂತಲೇ ತಿಳಿಯಲಿಲ್ಲ. ಹೊಸದಾಗಿ ಕಲಿಯುವವರ ಕಣ್ಣಿಗೆ ಜಾಲರಿಯಲ್ಲಿ ತಪ್ಪು ಬೇಗ ಕಾಣುವುದಿಲ್ಲ. ತೂತು ಬೇಕಾದ ಕಡೆ ಬಿದ್ದಿದೆಯೋ, ಸ್ಟಿಚ್ ತಪ್ಪಿ ಬಿದ್ದಿದೆಯೋ ಹೇಳುವುದು ಕಷ್ಟ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ದೊಡ್ಡ ತೂತುಗಳಲ್ಲಿ ಎಳೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಇದನ್ನು ಓದಿದ ಮೇಲೆ ಆ ಡಿಸೈನ್ ಬಿಟ್ಟುಬಿಟ್ಟೆ. ಹೊದಿಕೆಯ ಮೈಯನ್ನು ಸಾದಾ ಡಬಲ್ ಕ್ರೋಶಾದಲ್ಲಿ ಹೆಣೆಯೋಣ, ಅಲಂಕಾರವನ್ನೆಲ್ಲ ಅಂಚಿಗೆ ಇಟ್ಟುಕೊಳ್ಳೋಣ ಎಂದು ತೀರ್ಮಾನಿಸಿದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಆಯ್ಕೆ ಅದೇ ಎಂದು ಈಗಲೂ ಅನ್ನಿಸುತ್ತದೆ.

ದಾರದ ವಿಷಯ. ಮೊದಲು ತಂದದ್ದು ಗಾಢ ನೀಲಿಯ, ಮೈಯೆಲ್ಲ ನವಿರು ಕೂದಲಿದ್ದ ಉಲ್ಲನ್. ಮುಟ್ಟಿದರೆ ತುಂಬ ಮೆತ್ತಗಿತ್ತು, ಆದರೆ ಹೆಣೆಯುವಾಗ ಒಂದು ಸ್ಟಿಚ್ಚೂ ಕಾಣಲಿಲ್ಲ. ಕಡ್ಡಿ ಎಲ್ಲಿ ತೂರಿಸಬೇಕೆಂದು ಬೆರಳಿನಿಂದ ತಡವಿ ನೋಡಬೇಕಿತ್ತು. ಅದನ್ನು ಎತ್ತಿಟ್ಟು ನಯವಾದ ಅಕ್ರಿಲಿಕ್ ದಾರ ತಂದೆ. ಕೆನೆ ಬಣ್ಣದ್ದು 100 ಗ್ರಾಮಿನ ನಾಲ್ಕು ಉಂಡೆ, ತಿಳಿ ಹಸಿರಿನದು ಎರಡು. ದಾರದ ದಪ್ಪ ಡಿಕೆ, ಅಂದರೆ ಲೇಬಲ್ ಮೇಲೆ 3 ಎಂದು ಇರುತ್ತದಲ್ಲ, ಆ ತುಸು ತೆಳು ದಾರ. ಹತ್ತಿಯ ದಾರ ಇನ್ನೂ ತಂಪು, ಆದರೆ ಇಷ್ಟು ದೊಡ್ಡ ಹೊದಿಕೆಗೆ ಭಾರವಾಗುತ್ತದೆ. ಕುರಿಯ ಉಣ್ಣೆ ಕೆಲವು ಮಕ್ಕಳಿಗೆ ಚುಚ್ಚುತ್ತದೆ, ಬಿಸಿ ನೀರಿಗೆ ಹಾಕಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಒಂದೇ ಬಣ್ಣದ ಉಂಡೆಗಳನ್ನು ಕೊಳ್ಳುವಾಗ ಲೇಬಲ್ ಮೇಲಿನ ಡೈ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ದಾರಗಳ ಗುರುತು) ಒಂದೇ ಇದೆಯಾ ಎಂದು ನೋಡಿಕೊಳ್ಳಿ. ಬೇರೆ ಲಾಟ್ ಆದರೆ ಉಂಡೆಯಲ್ಲಿ ಗೊತ್ತಾಗದ ಬಣ್ಣದ ವ್ಯತ್ಯಾಸ ಹೆಣೆದ ಮೇಲೆ ಪಟ್ಟಿಯಾಗಿ ಎದ್ದು ಕಾಣುತ್ತದೆ.

ಇನ್ನೊಂದು ಗೊಂದಲ ಹೆಸರುಗಳದ್ದು. ನಾನು ನೋಡುತ್ತಿದ್ದ ವಿಡಿಯೋದಲ್ಲಿ ಡಬಲ್ ಕ್ರೋಶಾ ಅಂದರೆ ಎತ್ತರದ ಸ್ಟಿಚ್. ಕೈಯಲ್ಲಿದ್ದ ಬರಹದ ಪ್ಯಾಟರ್ನ್ ಪ್ರಕಾರ ಹಾಕಿದರೆ ಅದು ಗಿಡ್ಡವಾಗಿ ಬರುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವ ಗಿಡ್ಡ ಸ್ಟಿಚ್ಚನ್ನು ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ಅಮೆರಿಕದವರ ಡಬಲ್ ಇವರಿಗೆ ಟ್ರೆಬಲ್. ಗುರುತು ಹಿಡಿಯುವುದು ಸುಲಭ: ಪ್ಯಾಟರ್ನ್‌ನಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶಾ ಎಂಬ ಮಾತು ಇದ್ದರೆ ಅದು ಅಮೆರಿಕದ ಪದ್ಧತಿ. ಬ್ರಿಟನ್ನಿನ ಪದ್ಧತಿಯಲ್ಲಿ ಆ ಹೆಸರೇ ಇಲ್ಲ. ಇಲ್ಲಿ ನಾನು ಬರೆಯುತ್ತಿರುವುದೆಲ್ಲ ಅಮೆರಿಕದ ಹೆಸರುಗಳು.

ಡಬಲ್ ಕ್ರೋಶಾ ಹೀಗೆ: ಕಡ್ಡಿಗೆ ದಾರ ಒಮ್ಮೆ ಸುತ್ತಿ, ಕೆಳಗಿನ ಸ್ಟಿಚ್ಚಿಗೆ ತೂರಿಸಿ, ದಾರ ಎಳೆದು ತಂದರೆ ಕಡ್ಡಿಯ ಮೇಲೆ ಮೂರು ಕುಣಿಕೆ ನಿಲ್ಲುತ್ತವೆ. ದಾರ ಸಿಕ್ಕಿಸಿ ಎರಡರೊಳಗಿಂದ ಎಳೆಯಿರಿ, ಮತ್ತೆ ಸಿಕ್ಕಿಸಿ ಉಳಿದ ಎರಡರೊಳಗಿಂದ ಎಳೆಯಿರಿ. ಇದಿಷ್ಟನ್ನು ಕೈ ತಾನಾಗಿ ಮಾಡುವವರೆಗೆ ನಾನು ಹೊದಿಕೆಗೆ ಕೈ ಹಾಕಲಿಲ್ಲ. ಒಂದು ವಾರ ಸುಮ್ನೆ ಸಣ್ಣ ಚೌಕಗಳನ್ನು ಹೆಣೆದೆ. ಆ ಚೌಕಗಳೇ ಮುಂದೆ ಅಳತೆಗೂ ಉಪಯೋಗಕ್ಕೆ ಬಂದವು. 4 ಮಿಲಿಮೀಟರ್ ಕಡ್ಡಿಯಲ್ಲಿ ಹೆಣೆದ ಚೌಕದ ನಡುವೆ 10 ಸೆಂಟಿಮೀಟರ್ ಅಳೆದರೆ 18 ಸ್ಟಿಚ್ ಬಂತು, ಬಟ್ಟೆ ರಟ್ಟಿನಂತೆ ಬಿರುಸಾಗಿತ್ತು. 4.5 ಮಿಲಿಮೀಟರ್ ಕಡ್ಡಿಯಲ್ಲಿ 16 ಸ್ಟಿಚ್, 9 ಸಾಲು, ಬಟ್ಟೆಯೂ ಮೆತ್ತಗೆ ಬಾಗಿತು. ನನಗೆ ಬೇಕಿದ್ದ ಅಗಲ 75 ಸೆಂಟಿಮೀಟರ್. ಹತ್ತಕ್ಕೆ ಹದಿನಾರಾದರೆ ಎಪ್ಪತ್ತೈದಕ್ಕೆ 120. ಉದ್ದಕ್ಕೆ 80 ಸಾಲು ಹಾಕಿದರೆ ಸುಮಾರು 89 ಸೆಂಟಿಮೀಟರ್.

120 ಸ್ಟಿಚ್ಚಿಗೆ 122 ಚೈನ್ ಬೇಕು. ಕಡ್ಡಿಯ ಕಡೆಯಿಂದ ನಾಲ್ಕನೇ ಚೈನಿನಲ್ಲಿ ಹೆಣೆಯಲು ಶುರು, ಬಿಟ್ಟ ಮೂರು ಚೈನ್ ಸೇರಿ ಒಂದು ಸ್ಟಿಚ್ ಎಂದು ಲೆಕ್ಕ. ಚೈನ್ ಹಾಕುವಾಗ ನನ್ನ ಕೈ ಬಿಗಿಯಾಗುತ್ತಿತ್ತು. ಹಾಗಾದರೆ ಹೊದಿಕೆಯ ಬುಡ ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೆ ಚೈನನ್ನು ಮಾತ್ರ 5 ಮಿಲಿಮೀಟರ್ ಕಡ್ಡಿಯಲ್ಲಿ ಹಾಕಿದೆ. ಇಪ್ಪತ್ತಕ್ಕೊಂದರಂತೆ ಬಣ್ಣದ ದಾರದ ತುಂಡು ಕಟ್ಟಿಕೊಂಡೆ. ಎಣಿಕೆ ತಪ್ಪಬಹುದು ಅನ್ನಿಸಿದರೆ ಐದಾರು ಚೈನ್ ಜಾಸ್ತಿಯೇ ಹಾಕಿಬಿಡಿ. ಉಳಿದದ್ದನ್ನು ಆಮೇಲೆ ಶುರುವಿನ ಗಂಟಿನ ಕಡೆಯಿಂದ ಬಿಡಿಸಿ ತೆಗೆಯಬಹುದು. ಕಡಿಮೆ ಬಿದ್ದರೆ ಮಾತ್ರ ಮೊದಲಿಂದ ಶುರು ಮಾಡಬೇಕು.

ಈಗ ನನ್ನ ಮುಖ್ಯ ತಪ್ಪಿಗೆ ಬರುತ್ತೇನೆ. ಹದಿನಾಲ್ಕು ಸಾಲು ಖುಷಿಯಿಂದ ಹೆಣೆದೆ. ಒಂದು ರಾತ್ರಿ ನೆಲದ ಮೇಲೆ ಹಾಸಿ ನೋಡಿದರೆ ಎರಡೂ ಬದಿ ಒಳಕ್ಕೆ ವಾಲಿತ್ತು. ಬುಡ ಅಗಲ, ಮೇಲೆ ಕಿರಿದು. ಎಣಿಸಿದೆ: 107. ಹದಿಮೂರು ಸ್ಟಿಚ್ ಎಲ್ಲಿ ಹೋದವು? ಹದಿಮೂರು ಎಂಬ ಸಂಖ್ಯೆಯೇ ದಾರಿ ತೋರಿಸಿತು. ಮೊದಲ ಸಾಲು ಬಿಟ್ಟರೆ ಉಳಿದದ್ದು ಹದಿಮೂರು ಸಾಲು, ಅಂದರೆ ಸಾಲಿಗೆ ಒಂದು ಕಳೆದುಹೋಗುತ್ತಿತ್ತು. ಅಂಚನ್ನು ದೀಪದ ಹತ್ತಿರ ಹಿಡಿದು ನೋಡಿದೆ. ಪ್ರತಿ ಸಾಲಿನ ಶುರುವಿನಲ್ಲಿ ತಿರುಗುವಾಗ ಹಾಕಿದ ಮೂರು ಚೈನ್ ಸ್ವಲ್ಪ ಬಾಗಿ ನಿಂತಿತ್ತು. ಅದು ಪಕ್ಕದ ಸ್ಟಿಚ್ಚುಗಳಿಗಿಂತ ತೆಳ್ಳಗೆ, ಅದರ ತಲೆ ಹಿಂದಕ್ಕೆ ತಿರುಗಿರುತ್ತದೆ. ಅದೂ ಒಂದು ಸ್ಟಿಚ್. ಮುಂದಿನ ಸಾಲಿನ ಕೊನೆಗೆ ಬಂದಾಗ ಅದರ ತಲೆಗೆ ಒಂದು ಡಬಲ್ ಕ್ರೋಶಾ ಹಾಕಬೇಕು. ನಾನು ಅದನ್ನು ಅಂಚು ಅಂದುಕೊಂಡು ಬಿಟ್ಟು ತಿರುಗುತ್ತಿದ್ದೆ.

ಹದಿಮೂರು ಸಾಲನ್ನೂ ಬಿಚ್ಚಿದೆ. ಬಿಚ್ಚುವಾಗ ಹೊಟ್ಟೆ ಉರಿಯಿತು, ನಿಜ. ಆದರೆ ಕ್ರೋಶಾದಲ್ಲಿ ಬಿಚ್ಚಿದ ದಾರ ಎಲ್ಲಿಗೂ ಹೋಗುವುದಿಲ್ಲ, ಉಂಡೆಗೆ ಸುತ್ತಿ ಮತ್ತೆ ಹೆಣೆಯಬಹುದು. ಎರಡನೇ ಸಲ ಒಂದು ನಿಯಮ ಮಾಡಿಕೊಂಡೆ. ಮೂರು ಚೈನ್ ಹಾಕಿದ ಕೂಡಲೇ ಮೂರನೆಯದಕ್ಕೆ ಮಾರ್ಕರ್ (ಗುರುತಿಗೆ ಹಾಕುವ ಪುಟ್ಟ ಕ್ಲಿಪ್) ಸಿಕ್ಕಿಸುವುದು. ಮುಂದಿನ ಸಾಲಿನ ಕೊನೆಯ ಸ್ಟಿಚ್ ಆ ಮಾರ್ಕರ್ ಇರುವಲ್ಲೇ ಬೀಳಬೇಕು. ಮಾರ್ಕರ್ ಇಲ್ಲದಿದ್ದರೆ ಬೇರೆ ಬಣ್ಣದ ದಾರದ ತುಂಡೂ ಆಗುತ್ತದೆ. ಮೊದಲ ಇಪ್ಪತ್ತು ಸಾಲಿನವರೆಗೆ ಪ್ರತಿ ಸಾಲಿನ ಕೊನೆಗೆ ಎಣಿಸಿದೆ. ಆಮೇಲೆ ಅಂಚು ಕಣ್ಣಿಗೇ ಗೊತ್ತಾಗತೊಡಗಿತು, ನಾಲ್ಕೈದು ಸಾಲಿಗೊಮ್ಮೆ ಎಣಿಸಿದರೆ ಸಾಕಾಯಿತು.

ಬಣ್ಣದ ಪಟ್ಟಿಗಳು ಸರಳ. ಮೊದಲು 4 ಸಾಲು ಕೆನೆ ಬಣ್ಣ, 2 ಸಾಲು ಹಸಿರು, ಆಮೇಲೆ 8 ಕೆನೆ, 2 ಹಸಿರು, ಹೀಗೇ ಹೋಗಿ ಕೊನೆಗೆ ಮತ್ತೆ 4 ಕೆನೆ. ಒಟ್ಟು ಎಂಟು ಹಸಿರು ಪಟ್ಟಿ. ಹೊಸ ಬಣ್ಣವನ್ನು ಸಾಲು ಶುರುವಾದ ಮೇಲೆ ಸೇರಿಸಬಾರದು. ಹಿಂದಿನ ಸಾಲಿನ ಕೊನೆಯ ಸ್ಟಿಚ್ಚಿನಲ್ಲಿ ಎರಡು ಕುಣಿಕೆ ಉಳಿದಿರುವಾಗ ಹೊಸ ದಾರ ಎಳೆದುಕೊಂಡರೆ ಬಣ್ಣ ನೇರವಾಗಿ ಕೂರುತ್ತದೆ. ಮೊದಲ ಮೂರು ಪಟ್ಟಿಗೆ ಎರಡೂ ದಾರ ಕತ್ತರಿಸಿದೆ, ಬದಿಯಲ್ಲಿ ಬಾಲಗಳು ಜೋತುಬಿದ್ದವು. ಆಮೇಲೆ ಹೊಳೆಯಿತು: ಹಸಿರು ಎರಡೇ ಸಾಲು ಅಲ್ವಾ, ಕೆನೆ ದಾರ ಕತ್ತರಿಸಬೇಕಾಗಿಯೇ ಇಲ್ಲ. ಅದೇ ಬದಿಗೆ ವಾಪಸ್ ಬಂದಾಗ ಸಡಿಲವಾಗಿ ಮೇಲಕ್ಕೆ ಎಳೆದುಕೊಳ್ಳಬಹುದು, ಮುಂದೆ ಅಂಚು ಅದನ್ನು ಮುಚ್ಚುತ್ತದೆ. ಹಸಿರನ್ನು ಮಾತ್ರ ಪ್ರತಿ ಸಲ ಕತ್ತರಿಸಿ, 15 ಸೆಂಟಿಮೀಟರ್ ಬಾಲ ಬಿಟ್ಟೆ. ಬಾಲಗಳಿಗೆ ಗಂಟು ಹಾಕಲಿಲ್ಲ. ಗಂಟು ಮಗುವಿನ ಮೈಗೆ ಒತ್ತುತ್ತದೆ, ಒಗೆದಾಗ ಬಿಚ್ಚಿಕೊಳ್ಳಲೂಬಹುದು. ಮೊಂಡು ಸೂಜಿಯಲ್ಲಿ ಸ್ಟಿಚ್ಚುಗಳೊಳಗೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ಮತ್ತೊಮ್ಮೆ ಮುಂದಕ್ಕೆ ತೂರಿಸಿ ಉಳಿದದ್ದನ್ನು ಕತ್ತರಿಸಿದೆ.

ಶುರುವಿನಲ್ಲಿ ಒಂದು ಸಾಲಿಗೆ ಅರ್ಧ ಗಂಟೆ ಬೇಕಿತ್ತು. ಕೊನೆಕೊನೆಗೆ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ. ದಿನಕ್ಕೆ ಎರಡು ಸಾಲಿಗಿಂತ ಜಾಸ್ತಿ ಹಾಕಿದ ದಿನ ಹೆಬ್ಬೆರಳಿನ ಬುಡ ನೋಯುತ್ತಿತ್ತು. ಹಾಗಾಗಿ ಎರಡಕ್ಕೇ ನಿಲ್ಲಿಸುತ್ತಿದ್ದೆ.

ಮೈ ಮುಗಿದ ಮೇಲೆ ಅಂಚು. ನಾನು ಕಾಯುತ್ತಿದ್ದದ್ದೇ ಇದಕ್ಕೆ. ಮೊದಲು ಸುತ್ತಲೂ ಒಂದು ಸುತ್ತು ಸಿಂಗಲ್ ಕ್ರೋಶಾ ಬೇಕು, ಅದರ ಮೇಲೆ ಚಿಪ್ಪಿನ ಡಿಸೈನ್ ನಿಲ್ಲುತ್ತದೆ. ಮೇಲೆ ಕೆಳಗೆ ಸ್ಟಿಚ್ಚಿಗೊಂದು ಹಾಕಿದರಾಯಿತು. ಉದ್ದದ ಬದಿಗಳಲ್ಲಿ ಸ್ಟಿಚ್ಚಿನ ತಲೆಗಳಿಲ್ಲ, ಸಾಲುಗಳ ಪಕ್ಕೆ ಮಾತ್ರ. ಸಾಲಿಗೆ ಎರಡರಂತೆ ಹಾಕುತ್ತ ಹೋದೆ. ಅರ್ಧ ಬದಿ ಮುಗಿಯುವಷ್ಟರಲ್ಲಿ ಅಂಚು ಲಂಗದ ನೆರಿಗೆಯಂತೆ ಅಲೆಅಲೆಯಾಯಿತು. ಸ್ಟಿಚ್ ಜಾಸ್ತಿಯಾಗಿತ್ತು. ಬಿಚ್ಚಿ, ಮೂರು ಸಾಲಿಗೆ ಎರಡೆರಡು, ನಾಲ್ಕನೇ ಸಾಲಿಗೆ ಒಂದೇ ಒಂದು ಎಂದು ಹಾಕಿದೆ. ಅಂಚು ನೆಲಕ್ಕೆ ಅಂಟಿಕೊಂಡಂತೆ ಸಮ ಕೂತಿತು. 80 ಸಾಲಿಗೆ 140 ಸ್ಟಿಚ್. ನಾಲ್ಕು ಮೂಲೆಗಳಲ್ಲಿ ಒಂದೇ ತೂತಿಗೆ ಮೂರು ಮೂರು, ಇಲ್ಲದಿದ್ದರೆ ಮೂಲೆ ಮಡಚಿಕೊಳ್ಳುತ್ತದೆ.

ಚಿಪ್ಪು ಹೀಗೆ: ಒಂದು ಸಿಂಗಲ್ ಕ್ರೋಶಾ, ಎರಡು ಸ್ಟಿಚ್ ಬಿಟ್ಟು ಮೂರನೆಯದರಲ್ಲಿ ಐದು ಡಬಲ್ ಕ್ರೋಶಾ, ಮತ್ತೆ ಎರಡು ಬಿಟ್ಟು ಸಿಂಗಲ್. ಒಂದು ಚಿಪ್ಪಿಗೆ ಆರು ಸ್ಟಿಚ್ ಹಿಡಿಯುತ್ತದೆ. ಸುತ್ತಲೂ ಎಣಿಸಿದರೆ 528, ಆರರಿಂದ ಸರಿಯಾಗಿ ಭಾಗವಾಗುತ್ತದೆ, 88 ಚಿಪ್ಪು. ನೆಮ್ಮದಿಯಿಂದ ಶುರು ಮಾಡಿದೆ. ಎರಡನೇ ಮೂಲೆಗೆ ಬಂದಾಗ ಚಿಪ್ಪು ಮೂಲೆಯ ಪಕ್ಕಕ್ಕೆ ಬಿತ್ತು. ಒಟ್ಟು ಲೆಕ್ಕ ಸರಿಯಿದ್ದರೆ ಸಾಲದು, ಮೂಲೆಯಿಂದ ಮೂಲೆಗೂ ಸರಿಯಾಗಬೇಕು. ಒಂದು ಮೂಲೆಯ ನಡು ಸ್ಟಿಚ್ಚಿನಿಂದ ಮುಂದಿನ ಮೂಲೆಯ ನಡು ಸ್ಟಿಚ್ಚಿಗೆ ಚಿಕ್ಕ ಬದಿಯಲ್ಲಿ 121, ದೊಡ್ಡ ಬದಿಯಲ್ಲಿ 143 ಹೆಜ್ಜೆ. ಬೇಕಿದ್ದದ್ದು 120 ಮತ್ತು 144. ಚಿಕ್ಕ ಬದಿಯ ನಡುವೆ ಒಂದು ಕಡೆ ಎರಡರ ಬದಲು ಮೂರು ಸ್ಟಿಚ್ ಬಿಟ್ಟೆ. ದೊಡ್ಡ ಬದಿಯಲ್ಲಿ ಒಂದು ಕಡೆ ಒಂದೇ ಬಿಟ್ಟೆ. ಆಗ ನಾಲ್ಕು ಮೂಲೆಯ ನೆತ್ತಿಯಲ್ಲೂ ಒಂದೊಂದು ಚಿಪ್ಪು ಕೂತಿತು. ಮೂಲೆಯ ಚಿಪ್ಪಿಗೆ ಮಾತ್ರ ಐದರ ಬದಲು ಏಳು ಡಬಲ್ ಕ್ರೋಶಾ ಹಾಕಿದ್ದರಿಂದ ಅದು ಬೀಸಣಿಗೆಯ ಹಾಗೆ ಅಗಲವಾಗಿ ಬಿಚ್ಚಿಕೊಂಡಿತು. ಅಂಚೆಲ್ಲ ಹಸಿರು. ಸಾದಾ ಮೈಯ ಸುತ್ತ ಅದು ಎಷ್ಟು ಚೆಂದ ಕಂಡಿತೆಂದರೆ ಆ ರಾತ್ರಿ ಎರಡು ಸಲ ಎದ್ದು ಬಂದು ನೋಡಿದೆ. ಕುಚ್ಚು, ಗುಂಡಿ, ಮಣಿ ಏನನ್ನೂ ಸೇರಿಸಲಿಲ್ಲ. ಕಿತ್ತು ಬಂದರೆ ಮಗು ಬಾಯಿಗೆ ಹಾಕಿಕೊಳ್ಳುತ್ತದೆ.

ಕೊಡುವ ಮೊದಲು ಮಗುವಿನ ಬಟ್ಟೆಯ ಸೋಪಿನಲ್ಲಿ ಒಮ್ಮೆ ಒಗೆದೆ. ಒದ್ದೆ ಇರುವಾಗಲೇ ದಪ್ಪ ಟವೆಲ್ ಮೇಲೆ ಹರಡಿ, ಚಿಪ್ಪುಗಳನ್ನು ಒಂದೊಂದಾಗಿ ಬೆರಳಿನಿಂದ ತೀಡಿ, ತುಕ್ಕು ಹಿಡಿಯದ ಪಿನ್ ಚುಚ್ಚಿ ಒಣಗಲು ಬಿಟ್ಟೆ. ಇಸ್ತ್ರಿ ಮುಟ್ಟಿಸಲಿಲ್ಲ. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ತಾಗಿದರೆ ದಾರದ ಉಬ್ಬು ಸತ್ತು ಬಟ್ಟೆ ಜೋಲುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಪಿನ್ ಎಣಿಸಿ ಚುಚ್ಚಿದ್ದೆ, ಎಣಿಸಿಯೇ ತೆಗೆದೆ. ಒಣಗಿದ ಮೇಲೆ ಅಳತೆ ಅಂಚು ಸೇರಿ 79 ಮತ್ತು 93 ಸೆಂಟಿಮೀಟರ್.

ತಂಗಿಗೆ ಕೊಡುವಾಗ ಒಂದು ಮಾತು ಬಿಡಿಸಿ ಹೇಳಿದೆ: ಒಂದು ವರ್ಷ ತುಂಬುವವರೆಗೆ ಮಗು ಮಲಗಿ ನಿದ್ದೆ ಮಾಡುವ ಜಾಗದಲ್ಲಿ ಇದನ್ನು ಹೊದಿಸಬೇಡ. ಸಡಿಲ ಹೊದಿಕೆ ಮುಖದ ಮೇಲೆ ಬಂದರೆ ಎಳೆ ಮಗುವಿಗೆ ಸರಿಸಲು ಬರುವುದಿಲ್ಲ, ಉಸಿರು ಕಟ್ಟುತ್ತದೆ. ಎಚ್ಚರವಿರುವಾಗ, ದೊಡ್ಡವರ ಕಣ್ಣೆದುರು, ನೆಲಕ್ಕೆ ಹಾಸಿ ಆಡಿಸಲು ಇಟ್ಟುಕೋ ಎಂದೆ. ಅವಳು ಹಾಗೇ ಮಾಡಿದಳು. ಈಗ ಮಗುವಿಗೆ ಐದು ತಿಂಗಳು. ಹೊಟ್ಟೆಯ ಮೇಲೆ ಮಲಗಿಸಿದರೆ ಕತ್ತೆತ್ತಿ ನೋಡುತ್ತಾಳೆ, ಅಂಚಿನ ಕಡೆಗೇ ಕೈ ಚಾಚುತ್ತಾಳೆ. ಮೂಲೆಯ ಒಂದು ಚಿಪ್ಪು ಸದಾ ಅವಳ ಮುಷ್ಟಿಯಲ್ಲಿರುತ್ತದೆ, ಎಳೆದು ಎಳೆದು ಅದು ಆಗಲೇ ಸ್ವಲ್ಪ ಸಡಿಲವಾಗಿದೆ. ಉಳಿದ ಹಸಿರು ದಾರವನ್ನು ಲೇಬಲ್ ಸಮೇತ ಎತ್ತಿಟ್ಟಿದ್ದೇನೆ. ಮುಂದಿನ ಸಲ ಹೋದಾಗ ಆ ಚಿಪ್ಪನ್ನು ಬಿಗಿ ಮಾಡಿ ಬರಬೇಕು.