ಮನೆಯಲ್ಲೇ ಬೆಸೆದ ಓವರ್‌ಡ್ರೈವ್

ಗಿಟಾರಿನ ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್ ಪೆಡಲನ್ನು ಮನೆಯಲ್ಲೇ ಕಟ್ಟಿ ಮೊದಲ ಸಲ ತುಳಿದಾಗ ಆಂಪ್ಲಿಫೈಯರ್ ಉಸಿರೆತ್ತಲಿಲ್ಲ. ಗಿಟಾರ್ ಮೀಟಿದರೆ ಬರಿಯ ತಂತಿಯ ಸದ್ದು. ಮೂರು ಸಂಜೆಗಳ ಬೆಸುಗೆ ಕೆಲಸ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಸರ್ಕ್ಯೂಟನ್ನು ಓದಲು ನಾನು ಕಲಿತದ್ದು ಆ ಮೌನದ ಕಾರಣವನ್ನು ಹುಡುಕುತ್ತಾ ಹೋದಾಗಲೇ.

ನಾನು ಆರಿಸಿಕೊಂಡದ್ದು 1979ರಲ್ಲಿ ಐಬನೀಜ್ ಕಂಪನಿ ಹೊರತಂದ ಟ್ಯೂಬ್ ಸ್ಕ್ರೀಮರ್ ಪೆಡಲಿನ ಜಾಡಿನ ಸರ್ಕ್ಯೂಟ್. ಒಂದೇ ಚಿಪ್‌ನಲ್ಲಿ ಎರಡು ಆಪ್‌ಆಂಪ್‌ಗಳಿರುವ (ಅಲೆಯನ್ನು ಹಿಗ್ಗಿಸುವ ವರ್ಧಕಗಳು) 4558, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಎರಡು 1ಎನ್4148 ಡಯೋಡ್‌ಗಳು, ಡ್ರೈವ್, ಟೋನ್ ಮತ್ತು ಲೆವೆಲ್‌ಗೆ ತಿರುಗಿಸಿ ಹೊಂದಿಸುವ ಒಂದೊಂದು ಪಾಟ್, ಜೊತೆಗೆ ಒಂದು ಹಿಡಿಯಷ್ಟು ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳು. ವಿದ್ಯುತ್ತಿಗೆ 9 ವೋಲ್ಟ್ ಬ್ಯಾಟರಿ. ಎರಡು 10 ಕಿಲೋ ಓಮ್ ರೆಸಿಸ್ಟರ್‌ಗಳು ಆ 9 ವೋಲ್ಟನ್ನು ಅರ್ಧಕ್ಕೆ ಇಳಿಸಿ 4.5 ಮಾಡುತ್ತವೆ; ಗಿಟಾರಿನ ಅಲೆ ಅದನ್ನೇ ನೆಲೆಯಾಗಿಸಿಕೊಂಡು ಮೇಲೆ ಕೆಳಗೆ ತೂಗುತ್ತದೆ.

ಡಯೋಡ್‌ಗಳು ಕೂತಿರುವ ಜಾಗ ನನಗೆ ತುಂಬಾ ಹಿಡಿಸಿತು. ಮೊದಲ ಆಪ್‌ಆಂಪ್‌ನ ಫೀಡ್‌ಬ್ಯಾಕ್ ಹಾದಿಯಲ್ಲಿ, ಅಂದರೆ ಹೊರಬಂದ ಅಲೆ ಮರಳಿ ಒಳಗೆ ಹೋಗುವ ಹಾದಿಯಲ್ಲಿ, ಅವು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ. ಅಲೆಯ ಎತ್ತರ ಸುಮಾರು 0.6 ವೋಲ್ಟ್ ದಾಟಿದೊಡನೆ ಡಯೋಡ್ ಬಾಗಿಲು ತೆರೆಯುತ್ತದೆ, ವರ್ಧನೆ ಅಲ್ಲಿಗೇ ಕುಗ್ಗುತ್ತದೆ, ಅಲೆಯ ನೆತ್ತಿ ದುಂಡಗೆ ಸವೆಯುತ್ತದೆ. ಆದರೂ ಮೂಲ ಅಲೆ ಹಾಗೇ ಉಳಿದು, ಸವೆದ ಅಲೆಯ ಮೇಲೆ ಕೂಡಿಕೊಂಡು ಹೊರಬರುತ್ತದೆ. ತಂತಿಗೆ ಪ್ಲೆಕ್ಟ್ರಮ್ ತಾಗಿದ ಗಳಿಗೆಯ ಚುರುಕು ಕೇಳುಗನಿಗೆ ಸಿಗುವುದು ಇದರಿಂದಲೇ.

ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ನೋಡುವ ಬ್ರೆಡ್‌ಬೋರ್ಡ್ ಮೇಲೆ ಎಲ್ಲವೂ ಚೆನ್ನಾಗಿ ನುಡಿದಿತ್ತು. ತಾಮ್ರದ ಪಟ್ಟಿಗಳಿರುವ ವೆರೋಬೋರ್ಡಿಗೆ ಸಾಗಿಸಿದ ಮೇಲೆ ಸದ್ದು ಸತ್ತಿತು. ಮೊದಲು ಎಲ್ಲ ಬೆಸುಗೆಗಳನ್ನೂ ಮತ್ತೆ ಕಾಯಿಸಿದೆ. ಅದರಿಂದ ಒಂದು ಸಂಜೆ ಹಾಳಾಯಿತೇ ಹೊರತು ಮೌನ ಕದಲಲಿಲ್ಲ. ಕಂಡದ್ದನ್ನೆಲ್ಲ ಕಾಯಿಸುವುದು ತಪ್ಪು ದಾರಿ. ಸದ್ದು ಎಲ್ಲಿಯವರೆಗೆ ಬಂದಿದೆ ಎಂದು ಮೊದಲು ತಿಳಿಯಬೇಕು. ಅದಕ್ಕಾಗಿ ಆಂಪ್ಲಿಫೈಯರಿಗೆ ಹೋಗುವ ಕೇಬಲಿನ ತುದಿಗೆ 0.1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಬೆಸೆದು, ಅದರ ಇನ್ನೊಂದು ಕಾಲನ್ನೇ ಶೋಧಕ ಕಡ್ಡಿ ಮಾಡಿಕೊಂಡೆ. ಕೆಪಾಸಿಟರ್ ನೇರ ವಿದ್ಯುತ್ತನ್ನು ತಡೆದು ಗಿಟಾರಿನ ಅಲೆಯನ್ನು ಮಾತ್ರ ಬಿಡುತ್ತದೆ. ಆಂಪ್ಲಿಫೈಯರಿನ ವಾಲ್ಯೂಮ್ ತಗ್ಗಿಸಿ, ಎಡಗೈಯಲ್ಲಿ ತಂತಿ ಮೀಟುತ್ತಾ, ಬಲಗೈಯಲ್ಲಿ ಕಡ್ಡಿಯನ್ನು ಜಾಕ್‌ನಿಂದ ಮುಂದಕ್ಕೆ ಒಂದೊಂದೇ ಬಿಂದುವಿಗೆ ತಾಗಿಸುತ್ತಾ ಹೋದೆ. ಅಲೆ ಒಳಹೋಗುವ ಚಿಪ್‌ನ 3ನೇ ಕಾಲಿನವರೆಗೆ ಗಿಟಾರ್ ಕೇಳಿಸಿತು. ಅದು ಹೊರಬರುವ 1ನೇ ಕಾಲಿನಲ್ಲಿ ಏನೂ ಇಲ್ಲ.

ಮಲ್ಟಿಮೀಟರ್ ಇಟ್ಟೆ. 1ನೇ ಕಾಲು 4.5ರ ಆಸುಪಾಸಿನಲ್ಲಿರಬೇಕಾಗಿತ್ತು, ಬ್ಯಾಟರಿಯ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತಿತ್ತು. ಚಿಪ್ ಮುಟ್ಟಿದರೆ ಬೆಚ್ಚಗಿತ್ತು. 1ನೇ ಕಾಲಿನ ಎದುರಿಗೇ ವಿದ್ಯುತ್ ಬರುವ 8ನೇ ಕಾಲು ಇರುತ್ತದೆ, ಎರಡರ ನಡುವಿನ ಪಟ್ಟಿಯನ್ನು ಕತ್ತರಿಸಲೇಬೇಕು. ಕತ್ತರಿಸಿದ್ದೆ. ಆದರೆ ದೀಪ ಹತ್ತಿರ ತಂದು ಭೂತಗನ್ನಡಿ ಹಿಡಿದಾಗ ಕೂದಲೆಳೆಯಷ್ಟು ತಾಮ್ರ ಅಂಚಿನಲ್ಲಿ ಉಳಿದಿತ್ತು. ಚಾಕುವಿನ ಮೊನೆಯಿಂದ ಒಮ್ಮೆ ಗೀರಿದೆ, ಸಾಕೆಟ್‌ನಲ್ಲಿದ್ದ ಚಿಪ್ ಬದಲಿಸಿದೆ. ತಂತಿ ಮೀಟಿದೊಡನೆ ಕೋಣೆ ತುಂಬಿತು. ಆ ಸಂತೋಷ ಈಗಲೂ ಕಿವಿಯಲ್ಲಿದೆ.

ಮುಂದಿನ ವಾರಗಳು ಒಂದೇ ಒಂದು ಕೆಪಾಸಿಟರಿನ ಹಿಂದೆ ಕಳೆದವು. ವರ್ಧನೆಯನ್ನು ನಿರ್ಧರಿಸುವ 4.7 ಕಿಲೋ ಓಮ್ ರೆಸಿಸ್ಟರಿನ ಜೊತೆ 0.047 ಮೈಕ್ರೋಫ್ಯಾರಡ್‌ನದೊಂದು ಸರಣಿಯಲ್ಲಿದೆ. ಇವೆರಡೂ ಸೇರಿ 720 ಹರ್ಟ್ಜ್‌ನ ಕೆಳಗಿನ ಸ್ವರಗಳಿಗೆ ವರ್ಧನೆಯನ್ನು ಕಡಿಮೆ ಮಾಡುತ್ತಾ ಹೋಗುತ್ತವೆ. ದಪ್ಪ ತಂತಿಗಳು ಕಲಸಿಹೋಗದೆ ಸ್ಪಷ್ಟವಾಗಿ ಉಳಿಯುವುದು, ಮಧ್ಯದ ಸ್ವರಗಳು ಮುಂದೆ ಬಂದು ನಿಲ್ಲುವುದು ಇದರ ಕೆಲಸ. ತಂತಿಯ ಕಂಪನ ಹಿಡಿಯುವ ಪಿಕಪ್‌ನಲ್ಲಿ ಒಂದೇ ಸುರುಳಿಯಿರುವ ನನ್ನ ಸಿಂಗಲ್ ಕಾಯಿಲ್ ಗಿಟಾರಿಗೆ ಅದು ತೆಳುವೆನಿಸಿತು. 0.22 ಹಾಕಿದೆ, ಗಡಿ ಸುಮಾರು 154ಕ್ಕೆ ಇಳಿದು ಕೆಳಸ್ವರಗಳು ರಾಡಿಯಾದವು. 0.1ರಲ್ಲಿ, ಅಂದರೆ ಸುಮಾರು 340 ಹರ್ಟ್ಜ್‌ನಲ್ಲಿ, ಬೇಕಾದ ಮೈಕಟ್ಟು ಸಿಕ್ಕಿತು. ಡಯೋಡ್‌ಗಳ ಬಗ್ಗೆ ಬಹಳ ಚರ್ಚೆ ನಡೆಯುತ್ತದೆ. ನಾನೂ ಕೆಂಪು ಎಲ್‌ಇಡಿಗಳನ್ನು ಹಾಕಿ ನೋಡಿದೆ, ಸದ್ದು ಜೋರಾಗಿ ಬಿರುಸು ತಗ್ಗಿತು. ಆದರೂ ನನ್ನ ಕಿವಿಗೆ ಪೆಡಲಿನ ಸ್ವಭಾವವನ್ನು ಹೆಚ್ಚು ಬದಲಿಸಿದ್ದು ಈ ಕೆಪಾಸಿಟರೇ.

ಪೆಟ್ಟಿಗೆಯ ಕೆಲಸಕ್ಕೆ ಒಂದು ದಿನ ಹಿಡಿಯಿತು. ಅಲ್ಯೂಮಿನಿಯಂ ಕೊರೆಯುವಾಗ ಕಣ್ಣಿಗೆ ಕನ್ನಡಕ ಬೇಕೇ ಬೇಕು, ಚೂರುಗಳು ಎಲ್ಲೆಂದರಲ್ಲಿ ಹಾರುತ್ತವೆ. ತೆರೆದಿಟ್ಟಾಗ ಗುಂಯ್‌ಗುಡುತ್ತಿದ್ದ ಸರ್ಕ್ಯೂಟ್, ಲೋಹದ ಪೆಟ್ಟಿಗೆಯನ್ನು ಗ್ರೌಂಡಿಗೆ ಸೇರಿಸಿ ಮುಚ್ಚಳ ಹಾಕಿದ ಮೇಲೆ ತಣ್ಣಗಾಯಿತು. ಅಡಾಪ್ಟರ್ ಉಲ್ಟಾ ಚುಚ್ಚಿದರೂ ಚಿಪ್ ಉಳಿಯಲಿ ಎಂದು ವಿದ್ಯುತ್ತಿನ ದಾರಿಯಲ್ಲಿ ಒಂದು ಡಯೋಡ್ ಸೇರಿಸಿದ್ದೇನೆ.

ಆ ಕೆಪಾಸಿಟರನ್ನು ಮಾತ್ರ ಇನ್ನೂ ಬೆಸೆದಿಲ್ಲ. ಪುಟ್ಟ ಸಾಕೆಟ್‌ನಲ್ಲಿ ಚುಚ್ಚಿಟ್ಟಿದ್ದೇನೆ. ಪಿಕಪ್‌ನಲ್ಲಿ ಎರಡು ಸುರುಳಿಗಳಿರುವ ಹಂಬಕರ್ ಗಿಟಾರ್ ಕೈಗೆತ್ತಿಕೊಂಡ ದಿನ ನಾಲ್ಕು ತಿರುಪು ಬಿಚ್ಚಿ 0.047ಕ್ಕೆ ಮರಳುತ್ತೇನೆ. ಎರಡರ ನಡುವೆ ಬದಲಿಸುವ ಸ್ವಿಚ್ಚಿಗಾಗಿ ಪೆಟ್ಟಿಗೆಯ ಪಕ್ಕದಲ್ಲಿ ರಂಧ್ರವನ್ನೂ ಕೊರೆದಿಟ್ಟಾಗಿದೆ.