ಮಗುವನ್ನು ಡೇ ಕೇರ್‌ಗೆ ಬಿಡುವ ಮುಂಚೆ: ಕ್ಯಾಲಿಫೋರ್ನಿಯಾಕ್ಕೆ ಹೊರಟ ಹಾಸನದವರಿಗೆ

ಹಾಸನಾಂಬೆಯ ಬಾಗಿಲು ತೆಗೆಯುವ ಹೊತ್ತಿಗೆ ನಾನು ಹೆಚ್ಚಾಗಿ ಊರಲ್ಲಿರುತ್ತೇನೆ. ಪ್ರತಿ ಸಲವೂ ನಮ್ಮ ಬೀದಿಯಲ್ಲಿ ಯಾರಾದರೊಬ್ಬರು ಅಮೆರಿಕಕ್ಕೆ ಸೂಟ್‌ಕೇಸ್ ತುಂಬುತ್ತಿರುತ್ತಾರೆ. ಈ ಸಲ ಸಾಲಗಾಮೆ ರಸ್ತೆ ಕಡೆಯ ಒಬ್ಬ ಹುಡುಗಿ ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ಬಂದಳು. ಗಂಡನಿಗೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಕೆಲಸ, ಅವಳೂ ಹೋಗಿ ಕೆಲಸಕ್ಕೆ ಸೇರುವವಳು. "ಅಕ್ಕ, ಡೇ ಕೇರ್‌ನಲ್ಲಿ ಮಗೂನ ಯಾರು ನೋಡ್ಕೋತಾರೆ?" ಎಂದು ಕೇಳಿದಳು. ಯಾರು ಅನ್ನೋದು ಆಮೇಲೆ, ಎಷ್ಟು ಜನ ಅಂತ ಮೊದಲು ಕೇಳು ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಮಗು ಎದುರು ಮನೆಗೆ ಹೋದರೆ ಆ ಮನೆಯ ಅಜ್ಜಿ ನೋಡುತ್ತಾರೆ, ಮೂಲೆಯ ಅಂಗಡಿಯವರು ನೋಡುತ್ತಾರೆ. ಅಂಗನವಾಡಿಯಲ್ಲಿ ಇರೋದು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಆದರೂ ಕೂಗಿದರೆ ಕೇಳುವಷ್ಟು ದೂರದಲ್ಲಿ ನಾಲ್ಕು ಮನೆ ಇರುತ್ತವೆ. ಅಮೆರಿಕದ ಡೇ ಕೇರ್‌ನಲ್ಲಿ ಬಾಗಿಲು ಮುಚ್ಚಿದ ಮೇಲೆ ಆ ಕೋಣೆಯಲ್ಲಿ ಇರುವವರೇ ಎಲ್ಲ. ಹಾಗಾಗಿ ಒಬ್ಬರು ಎಷ್ಟು ಮಕ್ಕಳನ್ನು ನೋಡಿಕೊಳ್ಳಬಹುದು ಎಂದು ಕಾನೂನೇ ಹೇಳುತ್ತದೆ. ಅದಕ್ಕೆ ಅಲ್ಲಿ ರೇಶಿಯೋ ಎನ್ನುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇರುವ ಸೆಂಟರಿನಲ್ಲಿ ಹಸುಗೂಸುಗಳಾದರೆ 4 ಮಕ್ಕಳಿಗೆ ಒಬ್ಬರು. ಒಂದೂವರೆ ವರ್ಷ ದಾಟಿದವರಿಗೆ ಬೇರೆ ಟಾಡ್ಲರ್ ಕೋಣೆ ಇದ್ದರೆ ಅಲ್ಲಿ 6ಕ್ಕೆ ಒಬ್ಬರು. ಪ್ರೀಸ್ಕೂಲ್ ಮಕ್ಕಳಿಗೆ 12ಕ್ಕೆ ಒಬ್ಬ ಟೀಚರ್. ಜೊತೆಗೆ ಸಹಾಯಕಿ ಇದ್ದರೆ 15ರವರೆಗೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಕೇಂದ್ರಗಳಲ್ಲಿ ನಿಯಮ ಇನ್ನೂ ಬಿಗಿ: ಹಸುಗೂಸುಗಳಿಗೆ 3ಕ್ಕೆ ಒಬ್ಬರು, ಪ್ರೀಸ್ಕೂಲಿನಲ್ಲಿ 8ಕ್ಕೆ ಒಬ್ಬರು. ಆದರೆ ಇವು ಕ್ಯಾಲಿಫೋರ್ನಿಯಾದ ಲೆಕ್ಕ. ಟೆಕ್ಸಾಸಿನಲ್ಲಿ ನಾಲ್ಕು ವರ್ಷದ 18 ಮಕ್ಕಳನ್ನು ಒಬ್ಬರೇ ನೋಡಿಕೊಳ್ಳಬಹುದು. ಡಲ್ಲಾಸ್‌ನಲ್ಲಿರುವ ಸೋದರತ್ತೆ ಹೇಳಿದ್ದನ್ನು ಹಿಡಿದುಕೊಂಡು ಸನ್ನಿವೇಲ್‌ನಲ್ಲಿ ಹುಡುಕಬೇಡಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಸೆಂಟರ್ ನೋಡಲು ಹೋದರೆ ಬೆಳಗ್ಗೆ ಹತ್ತು ಗಂಟೆಗೆ ಬನ್ನಿ ಎನ್ನುತ್ತಾರೆ. ಆಗ ಎಲ್ಲ ಸರಿಯಾಗೇ ಇರುತ್ತದೆ. ನೀವು ನೋಡಬೇಕಾದ್ದು ದಿನದ ಎರಡು ತುದಿಗಳನ್ನು. ಸೆಂಟರ್ ಬೆಳಗ್ಗೆ 7ರಿಂದ ಸಂಜೆ 6ರವರೆಗೆ ತೆರೆದಿದ್ದರೆ ಹನ್ನೊಂದು ಗಂಟೆ ಆಯಿತು. ಕೆಲಸದವರದ್ದು ಎಂಟು ಗಂಟೆ. ಬೆಳಗ್ಗೆ ಬಂದವರು ನಾಲ್ಕಕ್ಕೆ ಹೊರಡುತ್ತಾರೆ. ಮಕ್ಕಳು ಮಾತ್ರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಅಪ್ಪ ಅಮ್ಮನಿಗಾಗಿ ಕಾಯುತ್ತಾ ಅಲ್ಲೇ ಇರುತ್ತವೆ. ಜನ ಕಮ್ಮಿ ಆಗೋದು ಆಗಲೇ.

ನನ್ನ ಮಗ 14 ತಿಂಗಳಿದ್ದಾಗ ಒಂದು ಸಂಜೆ 5:40ಕ್ಕೆ ಕರೆದುಕೊಂಡು ಬರಲು ಹೋದೆ. ಕೋಣೆಯಲ್ಲಿ ಏಳು ಕೂಸುಗಳು, ಒಬ್ಬಳೇ ಸಹಾಯಕಿ. ಒಂದಕ್ಕೆ ಡೈಪರ್ ಬದಲಾಯಿಸುತ್ತಿದ್ದಳು, ಅಂದರೆ ಉಳಿದ ಆರಕ್ಕೂ ಬೆನ್ನು ಹಾಕಿ ನಿಂತಿದ್ದಳು. ನನ್ನ ಮಗನನ್ನು ಎತ್ತರದ ಕುರ್ಚಿಯಲ್ಲಿ ಬೆಲ್ಟ್ ಹಾಕಿ ಕೂರಿಸಿದ್ದರು. ಅತ್ತೂ ಅತ್ತೂ ದನಿ ಕೂತಿತ್ತು. ಇನ್ನೊಂದು ಮಗು ಅಂಬೆಗಾಲಿಡುತ್ತಾ ತೆರೆದ ಬಾಗಿಲ ಹತ್ತಿರ ಹೋಗಿತ್ತು. ಆ ಸಹಾಯಕಿಯದ್ದು ಏನೂ ತಪ್ಪಿಲ್ಲ, ಅವಳಿಗೆ ಇರುವುದು ಎರಡೇ ಕೈ. ತಪ್ಪು ನಂದೂ ಇದೆ. ಎರಡು ವಾರ ನಾನು ಬಾಯಿ ಬಿಡಲಿಲ್ಲ. ಟೀಚರ್ ಬೇಜಾರು ಮಾಡ್ಕೋತಾರೆ, ಸಿಟ್ಟು ಮಗುವಿನ ಮೇಲೆ ತೀರಿಸ್ಕೋತಾರೆ ಅಂತ ಹೆದರಿದೆ. ಆ ಎರಡು ವಾರದಲ್ಲಿ ಏನೂ ಆಗಲಿಲ್ಲ. ಆದರೂ ಅದನ್ನು ನೆನೆದರೆ ಇವತ್ತಿಗೂ ನನಗೆ ಸಂಕಟ ಆಗುತ್ತದೆ.

ನಿಮಗೆ ಆ ಹೆದರಿಕೆ ಬೇಡ. ಮಗು ಅಲ್ಲಿರುವ ಹೊತ್ತಿನಲ್ಲಿ ಮುಂಚೆ ಹೇಳದೆ ಒಳಗೆ ಹೋಗಿ ನೋಡುವ ಹಕ್ಕು ತಂದೆತಾಯಿಗೆ ಇದೆ. ಸೇರಿಸುವಾಗಲೇ ಆ ಹಕ್ಕುಗಳ ಹಾಳೆ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ನಮ್ಮವರು ಓದದೆ ಸಹಿ ಹಾಕಿಬಿಡುತ್ತಾರೆ. ದಯವಿಟ್ಟು ಓದಿ. ದೂರು ಕೊಟ್ಟರೆ ಅದಕ್ಕಾಗಿ ನಿಮ್ಮ ಮೇಲೆ ಸೇಡು ತೀರಿಸುವಂತಿಲ್ಲ ಎಂದೂ ಅದರಲ್ಲೇ ಇದೆ. ದೂರು ಹೋಗುವುದು ಕಮ್ಯುನಿಟಿ ಕೇರ್ ಲೈಸೆನ್ಸಿಂಗ್ ಎಂಬ ಸರ್ಕಾರಿ ವಿಭಾಗಕ್ಕೆ. ಅವರು ಹತ್ತು ದಿನದೊಳಗೆ ಸ್ಥಳಕ್ಕೆ ಬಂದು ನೋಡಬೇಕು. ನಿಮ್ಮ ಹೆಸರನ್ನು ಗುಟ್ಟಾಗಿ ಇಡುತ್ತಾರೆ. ಇದಕ್ಕೂ ವೀಸಾಕ್ಕೂ ಯಾವ ಸಂಬಂಧವೂ ಇಲ್ಲ. ಈ ಮಾತನ್ನು ನನ್ನನ್ನು ಕೇಳದ ಹೊಸಬರೇ ಇಲ್ಲ.

ನಾನು ಕೊನೆಗೆ ದೂರು ಕೊಟ್ಟೆ. ಇನ್‌ಸ್ಪೆಕ್ಟರ್ ಬಂದು ಹೋದ ಮೇಲೆ ಸಂಜೆ ಹೊತ್ತಿಗೆ ಇನ್ನೊಬ್ಬರನ್ನು ಹಾಕಿದರು. ಅಷ್ಟಾದರೂ ನಾನು ಮಗನನ್ನು ಬೇರೆ ಕಡೆ ಸೇರಿಸಿದೆ.

ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತಿಗೆ ನಿಯಮ ಸಡಿಲ. ಪ್ರೀಸ್ಕೂಲಿನಲ್ಲಿ ಮಲಗಿದ 24 ಮಕ್ಕಳನ್ನು ಒಬ್ಬರು ನೋಡಿಕೊಳ್ಳಬಹುದು, ಹಸುಗೂಸುಗಳಾದರೆ 12. ಉಳಿದ ಸಿಬ್ಬಂದಿ ಕರೆದ ಕೂಡಲೇ ಬರುವ ಹಾಗಿರಬೇಕು. ಮಲಗಿದ ಕೂಸನ್ನು ಪ್ರತಿ 15 ನಿಮಿಷಕ್ಕೊಮ್ಮೆ ಹತ್ತಿರ ಹೋಗಿ ನೋಡಿ ಬರೆದಿಡಬೇಕು. ಆ ಹಾಳೆ ತೋರಿಸಿ ಎಂದು ಕೇಳಿ. ಇನ್ನೊಂದು ಪ್ರಶ್ನೆಯನ್ನೂ ಮರೆಯದೆ ಕೇಳಿ: ಟೀಚರ್ ಊಟಕ್ಕೋ ಬಾತ್‌ರೂಮಿಗೋ ಹೋದರೆ ಅವರ ಜಾಗಕ್ಕೆ ಯಾರು ಬರುತ್ತಾರೆ? ಒಳ್ಳೆ ಸೆಂಟರಿನವರು ತಟ್ಟನೆ ಒಬ್ಬರ ಹೆಸರು ಹೇಳುತ್ತಾರೆ. ತಡವರಿಸಿದರೆ ನಾನಾದರೆ ಮುಂದಿನ ಸೆಂಟರ್ ನೋಡುತ್ತೇನೆ. ಆಫೀಸಿನಲ್ಲಿ ಫೋನ್ ಹಿಡಿದು ಕೂತ ಡೈರೆಕ್ಟರನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ದುಡ್ಡು ಕಟ್ಟುವ ಮುಂಚೆ ಲೈಸೆನ್ಸಿಂಗ್ ವೆಬ್‌ಸೈಟಿನಲ್ಲಿ ಸೆಂಟರಿನ ಹೆಸರು ಹಾಕಿ ಹಳೆಯ ತಪಾಸಣೆ ವರದಿ ಓದಿ. ಟೈಪ್ ಎ ಎಂದಿದ್ದರೆ ಮಕ್ಕಳಿಗೆ ಕೂಡಲೇ ಅಪಾಯ ಆಗುವಂಥ ತಪ್ಪು ಎಂದರ್ಥ. ಟೈಪ್ ಬಿ ಅಂದರೆ ಅಷ್ಟು ತುರ್ತಿಲ್ಲದ ತಪ್ಪು; ಅಂಥದ್ದು ಒಂದು, ಅದೂ ಕಾಗದಪತ್ರದ್ದು, ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ರೇಶಿಯೋ ತಪ್ಪಿದ್ದು ಎರಡು ಸಲ ಕಂಡರೆ ಅಲ್ಲಿಗೆ ಹೋಗುವುದೇ ಇಲ್ಲ. ಸಿಬ್ಬಂದಿಯ ಬೆರಳಚ್ಚು ತಪಾಸಣೆ ಕಾನೂನಿನಲ್ಲೇ ಇದೆ. ಅದಕ್ಕೆ ಲೈವ್ ಸ್ಕ್ಯಾನ್ ಎನ್ನುತ್ತಾರೆ.

ಇನ್ನು ನಮ್ಮ ಮನೆ ಕಡೆಯ ವಿಷಯ. ತಲೆ ದುಂಡಗಾಗಲಿ ಎಂದು ಅಮ್ಮ ಹೊಲಿದು ಕೊಟ್ಟ ರಾಗಿ ದಿಂಬನ್ನು ಡೇ ಕೇರಿಗೆ ಕಳಿಸಬೇಡಿ. ಅಲ್ಲಿ ಒಂದು ವರ್ಷದೊಳಗಿನ ಮಗುವನ್ನು ಅಂಗಾತ ಮಲಗಿಸುತ್ತಾರೆ. ತೊಟ್ಟಿಲಲ್ಲಿ ದಿಂಬು, ಹೊದಿಕೆ, ಬೊಂಬೆ ಯಾವುದೂ ಇರಬಾರದು. ಉಸಿರು ಕಟ್ಟಬಹುದು ಎಂಬ ಭಯ. ಕೊರಳಿನ ದೃಷ್ಟಿ ದಾರ, ಸರ ತೆಗೆಯಿರಿ ಎಂದರೆ ಬೇಜಾರು ಬೇಡ, ಅದೂ ಇದೇ ಕಾರಣಕ್ಕೆ. ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಮನೆಯಲ್ಲೂ ಬೇಡ. ಕಡಲೆಕಾಯಿ ಚಟ್ನಿಪುಡಿ ಹಾಕಿದ ಡಬ್ಬಿ ಕಳಿಸುವ ಮುಂಚೆ ಕೇಳಿಕೊಳ್ಳಿ. ಅಲರ್ಜಿ ಇರುವ ಮಕ್ಕಳಿಗಾಗಿ ಎಷ್ಟೋ ಸೆಂಟರುಗಳಲ್ಲಿ ಅದನ್ನು ಬಿಡುವುದಿಲ್ಲ.

ಆ ಹುಡುಗಿ ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದಳು. ಬೇಸಿಗೆಗೆ ಅತ್ತೆ ಮಾವ ಬರುತ್ತಾರಂತೆ, ಅವರೇ ಮಗುವನ್ನು ಕರೆದುಕೊಂಡು ಬರಬಹುದಾ ಅಂತ. ಬರಬಹುದು. ಆದರೆ ಅವರ ಹೆಸರು ಸೆಂಟರಿನ ಫಾರಂನಲ್ಲಿ ಇರಬೇಕು. ಮೊದಲ ದಿನ ನೀವೂ ಜೊತೆಗೆ ಹೋಗಿ ಪರಿಚಯ ಮಾಡಿಸಿ. ಕೈಯಲ್ಲಿ ಪಾಸ್‌ಪೋರ್ಟ್ ಇರಲಿ, ಪೂರ್ತಿ ಸಹಿ ಹಾಕಿ ಕರೆದುಕೊಂಡು ಬರಲಿ. ಗುರುತಿನ ಚೀಟಿ ನೋಡದೆ ಮಗುವನ್ನು ಅಜ್ಜನ ಕೈಗೂ ಕೊಡದ ಸೆಂಟರ್ ಸಿಕ್ಕರೆ ಅಲ್ಲೇ ಸೇರಿಸಿ. ಮಾವನವರು ಸಿಡುಕಿದರೂ ಪರವಾಗಿಲ್ಲ.